ಬ್ರಹ್ಮಗಿರಿಯ ಎರಡು ನೀರು

ಕೊಡಗಿನ ಶ್ರೀಮಂಗಲದ ಬಳಿ ನಿಂತ ಬ್ರಹ್ಮಗಿರಿಯ ಮೇಲೆ ಸುರಿದ ಮಳೆ ಎರಡು ದಾರಿ ಹಿಡಿಯುತ್ತದೆ. ಪಡುವಣಕ್ಕೆ ಇಳಿದುದು ಬರಪೊಳೆಯಾಗಿ ಕೇರಳವನ್ನು ಸೇರುತ್ತದೆ. ಅಲ್ಲಿ 2016ರಲ್ಲಿ ಆರಂಭವಾದ 15 ಮೆಗಾವ್ಯಾಟಿನ ವಿದ್ಯುದಾಗಾರ, ದೊಡ್ಡ ಜಲಾಶಯವಿಲ್ಲದೆ, ಹರಿವ ನೀರನ್ನೇ ಕಾಲುವೆಗೆ ತಿರುಗಿಸಿಕೊಂಡು ನಡೆಯುತ್ತದೆ.

ಮೂಡಣದ ನೀರು ಇರ್ಪುವಿನಲ್ಲಿ ಧುಮುಕಿ, ಲಕ್ಷ್ಮಣತೀರ್ಥವೆನಿಸಿ, ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡುತ್ತದೆ. 1911ರಲ್ಲಿ ಕಟ್ಟಲಾರಂಭಿಸಿದ ಆ ಅಣೆಕಟ್ಟು ಶಿವನಸಮುದ್ರದ ವಿದ್ಯುತ್ತಿಗೆ ಬೇಸಗೆಯಲ್ಲಿಯೂ ನೀರನ್ನೊದಗಿಸಿತು. ಮಂಡ್ಯದ ಬಯಲನ್ನು ಹಸುರಾಗಿಸಿತು. ಆದರೆ ಹಳೆಯ ಕನ್ನಂಬಾಡಿ ಗ್ರಾಮ, ತನ್ನ ವೇಣುಗೋಪಾಲಸ್ವಾಮಿಯ ಗುಡಿಯೊಡನೆ, ನೀರಿನಡಿಯಲ್ಲಿ ಮುಳುಗಿತು.

ಬೆಳಕಿಗೆ ಬಯಲಿನ ಊರು ತೆತ್ತ ಬೆಲೆ ಅದು. ಇನ್ನೊಂದು ಬೆಲೆಯನ್ನು ಬೆಟ್ಟ ತೆರಬಾರದು. ಮಳೆಗಾಲದ ನೀರನ್ನು ಹೀರಿಟ್ಟುಕೊಂಡು ಮೆಲ್ಲಮೆಲ್ಲನೆ ಬಿಟ್ಟುಕೊಡುವುದು ಇಲ್ಲಿಯ ಶೋಲಾ ಕಾಡು, ಹುಲ್ಲುಗಾವಲು. ಮನುಷ್ಯನ ಕಟ್ಟೆಗಿಂತ ಮೊದಲಿನ ಕಟ್ಟೆ ಅದು. ಅದೊಡೆದರೆ ಕಟ್ಟಬಲ್ಲ ಶಿಲ್ಪಿಯಿಲ್ಲ.