ದಮ್ಮು ಇದ್ದ ಕಾಲ

ನಮ್ಮ ಗುಡೂರಿನಲ್ಲಿ ಆಗ ಕಬಡ್ಡಿಗೆ ಹುತುತು ಅಂತಲೇ ಹೆಸರು. ಕಬಡ್ಡಿ ಅನ್ನುತ್ತಿದ್ದವರು ಶಾಲೆಯ ಮಾಸ್ತರರು ಮಾತ್ರ. ಅಗಸಿಯ ಹೊರಗಿನ ಬಯಲಿನಲ್ಲಿ ಕಲ್ಲು ಆರಿಸಿ, ಒಲೆಯ ಬೂದಿ ತಂದು ಗೆರೆ ಹಾಕಿ, ಅಂಗಿ ಬಿಚ್ಚಿ ಬೇಲಿಗೆ ಎಸೆದರೆ ಆಟ ಶುರು. ಗರಸು ನೆಲವಾದ್ದರಿಂದ ಬಿದ್ದರೆ ಮೊಣಕಾಲಿನ ಚರ್ಮ ಅಲ್ಲೇ ಉಳಿಯುತ್ತಿತ್ತು. ಮನೆಗೆ ಹೋದರೆ ಅವ್ವ ಅರಿಷಿಣ ಒತ್ತುತ್ತ ಬೈಯುತ್ತಿದ್ದಳು. ಅಷ್ಟರಲ್ಲಿ ನಾವು ಮರುದಿನದ ಆಟದ ಲೆಕ್ಕ ಹಾಕುತ್ತಿದ್ದೆವು.

ಊರಿನ ಒಳ್ಳೆಯ ಆಟಗಾರ ಅಂದರೆ ನಮ್ಮ ಕಾಕಾ, ಅಪ್ಪನ ತಮ್ಮ. ಪಡಸಾಲೆಯ ಕುಣಿಮಗ್ಗದಲ್ಲಿ ಇಳಕಲ್ಲ ಸೀರೆ ನೇಯುತ್ತಿದ್ದ. ಹಗಲೆಲ್ಲ ಕುಣಿಯಲ್ಲಿ ಕಾಲು ಇಳಿಬಿಟ್ಟು ತುಳಿದು ತುಳಿದು ಅವನ ಮೀನಖಂಡ ಕಲ್ಲಿನಂತಾಗಿತ್ತು. ಎದುರಾಳಿಯ ಹರಡು ಅವನ ಕೈಗೆ ಸಿಕ್ಕರೆ ಮುಗಿಯಿತು. ಆದರೆ ಊರವರು ಹೊಗಳುತ್ತಿದ್ದದ್ದು ಅವನ ಹಿಡಿತವನ್ನಲ್ಲ, ದಮ್ಮನ್ನು. ‘ಅವನ ದಮ್ಮು ದೊಡ್ಡದೋ’ ಅನ್ನುತ್ತಿದ್ದರು. ಈಗಿನಂತೆ ದಾಳಿಗೆ ಮೂವತ್ತು ಸೆಕೆಂಡಿನ ಗಡಿಯಾರ ಇರಲಿಲ್ಲ. ಉಸಿರು ಇರುವವರೆಗೆ ಎದುರಾಳಿಯ ಅಂಕಣದಲ್ಲಿ ಇರಬಹುದಿತ್ತು. ಕಾಕಾ ಆ ಕಡೆ ಹೋದರೆ ನಾವು ಹುಡುಗರು ಬೆರಳು ಮಡಚಿ ಎಣಿಸುತ್ತಿದ್ದೆವು, ಎರಡೂ ಕೈಯ ಬೆರಳು ನಾಲ್ಕು ಸಲ ಮುಗಿದರೂ ಅವನ ದನಿ ನಿಲ್ಲುತ್ತಿರಲಿಲ್ಲ.

ಇಳಕಲ್ಲ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಒಂದು ಕೊಂಡಿ ತಪ್ಪಿದರೂ ನೇಯ್ಗೆಯಲ್ಲಿ ಕಾಣುತ್ತದೆ. ಹಿಡಿಯುವವರು ಕೈ ಕೈ ಹಿಡಿದು ಸರಪಳಿ ಕಟ್ಟಬೇಕಾದಾಗಲೂ ಕಾಕಾ ನಮಗೆ ಕೂಗುತ್ತಿದ್ದದ್ದು ಅದೇ ಮಾತು: ‘ಕೊಂಡಿ ಹಾಕ್ರಲೇ, ಕೊಂಡಿ!’

1990ರಲ್ಲಿ ನನಗೆ ಹನ್ನೊಂದು ವರ್ಷ. ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಮೊದಲ ಸಲ ಕಬಡ್ಡಿಗೆ ಪದಕ ಇಟ್ಟಿದ್ದರು. ಎಂಟು ವರ್ಷ ಹಿಂದೆ ದಿಲ್ಲಿಯ ಕೂಟದಲ್ಲಿ ಬರೀ ಪ್ರದರ್ಶನವಾಗಿ ಆಡಿಸಿದ್ದರಂತೆ. ಬನ್ನಿ ಹಬ್ಬ ಮುಗಿದಿತ್ತು. ಹುಬ್ಬಳ್ಳಿಯ ಪೇಪರು ಬಸ್ಸಿನಲ್ಲಿ ಬರುವಷ್ಟರಲ್ಲಿ ಮಧ್ಯಾಹ್ನ ಆಗುತ್ತಿತ್ತು. ಅದನ್ನು ಮಗ್ಗದ ಪಕ್ಕ ಕೂತು ಗಟ್ಟಿಯಾಗಿ ಓದುವ ಕೆಲಸ ನನ್ನದು. ಕಾಕಾ ಲಾಳಿ ಎಸೆಯುತ್ತ ಕೇಳುತ್ತಿದ್ದ, ಕಾಕಿ ಕಂಡಿಕಿ ಸುತ್ತುತ್ತ ಕೇಳುತ್ತಿದ್ದಳು. ಕೂಟ ಮುಗಿದ ಮೇಲೆ ಪದಕಪಟ್ಟಿ ಬಂತು. ಭಾರತಕ್ಕೆ 8 ಬೆಳ್ಳಿ, 14 ಕಂಚು. ಚಿನ್ನ ಒಂದೇ ಒಂದು, ಅದೂ ಕಬಡ್ಡಿಯಲ್ಲಿ.

ಲಾಳಿ ನಿಂತಿತು. ‘ಇನ್ನೊಮ್ಮೆ ಓದು’ ಅಂದ ಕಾಕಾ. ಓದಿದೆ.

‘ಓಟದಾಗ?’

‘ಇಲ್ಲ.’

‘ಕುಸ್ತಿಯೊಳಗ?’

‘ಇಲ್ಲ ಕಾಕಾ. ಇದೊಂದ.’

‘ಅಂದ್ರ ಇಡೀ ದೇಶದ ಮಾನ ಉಳಿಸಿದ್ದು ನಮ್ಮ ಹುತುತು!’

ಜಪಾನಿನವರೂ ಆಡಿದ್ದರು ಅಂತ ಓದಿದಾಗ ಮಾತ್ರ ಅವನು ನಂಬಲಿಲ್ಲ. ‘ಅವರು ಉಸಿರು ಹಿಡಿದು ಏನಂತಾರ? ಅವರಿಗೂ ಕಬಡ್ಡಿ ಅನ್ನಾಕ ಬರತೈತೇನು?’ ಆ ಪ್ರಶ್ನೆಯನ್ನು ಒಂದು ವಾರ ಊರಿಗೆಲ್ಲ ಕೇಳಿದ. ಹೋಟೆಲಿನಲ್ಲಿ ಯಾರೋ ಜಪಾನಿನವನ ಹಾಗೆ ಕಬಡ್ಡಿ ಅಂದು ತೋರಿಸಿದರು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನಮ್ಮ ಬಯಲಿನ ಆಟವನ್ನು ಜಗತ್ತು ತೊದಲುತ್ತ ಕಲಿಯುತ್ತಿದೆ, ನಾವು ಕಲಿಸುವವರು ಅನ್ನುವ ಹೆಮ್ಮೆ ಆ ನಗುವಿನಲ್ಲಿತ್ತು.

ಅಲ್ಲಿಂದ ಮುಂದೆ ನಾಲ್ಕು ವರ್ಷಕ್ಕೊಮ್ಮೆ ಅದೇ ಸುದ್ದಿ. ಹಿರೋಷಿಮಾ, ಬ್ಯಾಂಕಾಕ್, ಬೂಸಾನ್, ದೋಹಾ, ಗುವಾಂಗ್‌ಝೌ, ಇಂಚೆನ್. ಊರು ಬದಲಾದರೂ ಪುರುಷರ ಚಿನ್ನ ನಮ್ಮದೇ. ನಮ್ಮ ರಾಜ್ಯದ ಬಿ.ಸಿ. ರಮೇಶ್ ಅರ್ಜುನ ಪ್ರಶಸ್ತಿ ಪಡೆದರು. 2010ರಲ್ಲಿ ಮಹಿಳೆಯರ ಕಬಡ್ಡಿ ಸೇರಿದಾಗ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಇದ್ದ ತಂಡ ಮೊದಲ ಚಿನ್ನ ತಂದಿತು. ಅಷ್ಟರಲ್ಲಿ ನಾನು ನೌಕರಿಗೆಂದು ಬೆಂಗಳೂರು ಸೇರಿದ್ದೆ. ಪ್ರತಿ ಸಲವೂ ಫೋನ್ ಮಾಡಿ ‘ಕಾಕಾ, ಗೆದ್ವಿ’ ಅನ್ನುತ್ತಿದ್ದೆ. ‘ಗೆಲ್ಲಾಕ ಬೇಕಲ್ಲ’ ಅನ್ನುತ್ತಿದ್ದ. ಆ ಕಾಲ ನೆನೆದರೆ ಈಗಲೂ ನನ್ನ ಎದೆ ಉಬ್ಬುತ್ತದೆ. ಗೆಳೆಯರು ಕ್ರಿಕೆಟ್ಟಿನ ಹಳೆಯ ದಿನಗಳನ್ನು ನೆನೆಸಿಕೊಳ್ಳುತ್ತಾರೆ, ನಾನು ಇದನ್ನು.

ಇಷ್ಟು ಹೇಳಿದ ಮೇಲೆ 1991ರ ಪಂಚಮಿಯ ಮಾತನ್ನೂ ಹೇಳಬೇಕು. ಮೂವತ್ತು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ.

ಬೀಜಿಂಗಿನ ಚಿನ್ನದ ಹುಮ್ಮಸ್ಸಿನಲ್ಲಿ ಕಾಕಾ ಆ ವರ್ಷದ ನಾಗರಪಂಚಮಿಗೆ ಹುಡುಗರ ಪಂದ್ಯ ಇಟ್ಟ. ಸುತ್ತಲ ಊರಿನ ತಂಡಗಳು ಬಂದವು. ಮರಕ್ಕೆ ಕಟ್ಟಿದ ಜೋಕಾಲಿ ಬಿಟ್ಟು ಹೆಣ್ಣುಮಕ್ಕಳೂ ಬಯಲಿನ ಸುತ್ತ ನಿಂತಿದ್ದರು. ಕೊನೆಯ ಪಂದ್ಯ ನಮಗೂ ಪಕ್ಕದ ಹಳ್ಳಿಯ ಹುಡುಗರಿಗೂ. ನಿರ್ಣಾಯಕ ಕಾಕಾನೇ. ನಾವು ಒಂದು ಅಂಕ ಮುಂದಿದ್ದೆವು. ಕೊನೆಯ ದಾಳಿಗೆ ಅವರ ಕಡೆಯಿಂದ ಒಬ್ಬ ಸಣಕಲು ಹುಡುಗ ಬಂದ. ನಾನು ಮೂಲೆಯಲ್ಲಿದ್ದೆ. ಅವನು ಎಡಕ್ಕೆ ಹೋದಂತೆ ಮಾಡಿ ಗಕ್ಕನೆ ತಿರುಗಿ ಕೈ ಚಾಚಿದ. ಅವನ ಬೆರಳು ನನ್ನ ಕಿರುಬೆರಳಿಗೆ ತಾಕಿತು. ಅವನು ಉಸಿರು ಬಿಡದೆ ಗೆರೆ ದಾಟಿ ತನ್ನ ಅಂಕಣ ಸೇರಿದ.

‘ಮುಟ್ಟೀನ್ರೀ’ ಅಂದ.

ಕಾಕಾ ನನ್ನ ಕಡೆ ನೋಡಿದ. ‘ಮುಟ್ಯಾನೇನು?’

ಕಬಡ್ಡಿಯಲ್ಲಿ ಔಟಾದವನು ತಾನೇ ಹೊರಗೆ ನಡೆಯಬೇಕು. ಅದನ್ನು ನನಗೆ ಕಲಿಸಿದವನೂ ಕಾಕಾನೇ. ನಡೆದಿದ್ದರೆ ಆಟ ಸಮ ಆಗುತ್ತಿತ್ತು. ನಾನು ಊರಿನ ಮಂದಿಯನ್ನು ನೋಡಿದೆ, ‘ಇಲ್ಲ’ ಅಂದೆ.

ಕಾಕಾ ಒಂದು ಗಳಿಗೆ ಸುಮ್ಮನಿದ್ದು ನಮ್ಮ ಕಡೆ ಕೈ ಎತ್ತಿದ. ನನ್ನನ್ನು ಹೆಗಲ ಮೇಲೆ ಹೊತ್ತರು. ಆ ಹುಡುಗ ‘ಆಣಿ ಮಾಡಿ ಹೇಳತೀನ್ರೀ, ಮುಟ್ಟೀನಿ’ ಅಂತ ಅಳುತ್ತಿದ್ದ. ಸೋತದ್ದಲ್ಲದೆ ಸುಳ್ಳು ಬೇರೆ ಹೇಳುತ್ತೀಯಾ ಅಂತ ಅವರ ಊರಿನವರೊಬ್ಬರು ಅವನ ಕಪಾಳಕ್ಕೆ ಬಾರಿಸಿದರು. ಹೆಗಲ ಮೇಲಿದ್ದ ನನಗೆ ಅದು ಚೆನ್ನಾಗಿ ಕಂಡಿತು.

2018ರ ಆಗಸ್ಟಿನಲ್ಲಿ ಕಾಕಾನಿಗೆ ಹುಷಾರಿಲ್ಲ ಅಂತ ಊರಿಗೆ ಹೋದೆ. ಅವನಿಗೆ ದಮ್ಮು ಹತ್ತಿತ್ತು. ನಮ್ಮ ಕಡೆ ಉಬ್ಬಸಕ್ಕೂ ದಮ್ಮು ಅಂತಲೇ ಅನ್ನುತ್ತಾರೆ. ದಮ್ಮಿಗೆ ಹೆಸರಾದವನಿಗೆ ದಮ್ಮೇ ಬಂತು ಅಂತ ಊರವರು ಮರುಗುತ್ತಿದ್ದರು. ಅವನು ಗೋಡೆಗೆ ಒರಗಿ ಕೂತಿದ್ದ, ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಗೆ ಬಟ್ಟೆ ಹೊದಿಸಿತ್ತು. ಜಕಾರ್ತಾ ಕೂಟ ನಡೆದಿತ್ತು. ಗುಂಪಿನ ಆಟದಲ್ಲಿ ದಕ್ಷಿಣ ಕೊರಿಯಾ ನಮ್ಮನ್ನು 24-23ರಿಂದ ಸೋಲಿಸಿ ಆಗಿತ್ತು. 23ನೇ ತಾರೀಖು ಇರಾನ್ ಜೊತೆ ಸೆಮಿಫೈನಲ್. ಇಬ್ಬರೂ ಟಿವಿ ಮುಂದೆ ಕೂತೆವು. 18-27. ಇಪ್ಪತ್ತೆಂಟು ವರ್ಷ ಬಿಟ್ಟುಕೊಡದ ಚಿನ್ನ ಹೋಯಿತು.

ನಾನು ಸುಮ್ಮನಿರಲಿಲ್ಲ. ಮಣ್ಣಿನ ಆಟವನ್ನು ಮ್ಯಾಟಿಗೆ ತಂದು ಕೆಡಿಸಿದರು ಅಂದೆ. 2014ರಲ್ಲಿ ಶುರುವಾದ ಪ್ರೊ ಕಬಡ್ಡಿಯನ್ನು ಬೈದೆ. ನಮ್ಮ ಲೀಗಿನಲ್ಲಿ ದುಡ್ಡು ಕೊಟ್ಟು ಆಡಿಸಿ ಈ ಫಜಲ್ ಅತ್ರಾಚಲಿಗೆ ನಮ್ಮ ಪಟ್ಟನ್ನೆಲ್ಲ ನಾವೇ ಕಲಿಸಿದೆವು ಅಂದೆ. ಕಡೆಗೆ, ಅಂಪೈರು ಅವರ ಕಡೆ ಇದ್ದ, ಮೋಸ ಅಂದೆ.

ಕಾಕಾ ಟಿವಿಯ ದನಿ ಇಳಿಸು ಅಂತ ಸನ್ನೆ ಮಾಡಿದ. ಉಸಿರು ಎಳೆದುಕೊಂಡು, ನಡುನಡುವೆ ನಿಲ್ಲುತ್ತ ಕೇಳಿದ: ‘ತಮ್ಮಾ, ಪಂಚಮಿ ಆಟ ನೆನಪೈತೇನು?’

ನನಗೆ ಕೈಕಾಲು ತಣ್ಣಗಾದವು.

‘ಅವತ್ತ ಆ ಹುಡುಗ ಮುಟ್ಟಿದ್ದ. ನಾ ನೋಡಿದ್ದೆ.’

‘ಮತ್ತ ಯಾಕ ನಮ್ಮ ಕಡೆ ಕೈ ಎತ್ತಿದಿ?’

‘ನೀ ಹೇಳತಿ ಅಂತ ಕಾದೆ. ನೀ ಹೇಳಲಿಲ್ಲ. ಸುತ್ತ ನಮ್ಮೂರ ಮಂದಿ. ಊರ ಮಾನ ಅಂತ ನಾನೂ ಸುಮ್ಮನಾದೆ.’ ಸ್ವಲ್ಪ ಹೊತ್ತು ಬಿಟ್ಟು ಅಂದ: ‘ನಮ್ಮ ಬಯಲು, ನಮ್ಮ ಮಂದಿ, ನಮ್ಮ ಅಂಪೈರು. ಗೆಲ್ಲೂದೇನ ದೊಡ್ಡದು? ಇವರು ನೋಡು, ನಮ್ಮ ಹತ್ರ ಕಲಿತು ನಮ್ಮನ್ನ ಕೆಡವ್ಯಾರ. ಅದು ಆಟ.’

ಮರುದಿನ ಮಹಿಳೆಯರ ಫೈನಲಿನಲ್ಲೂ ಇರಾನ್ 27-24ರಿಂದ ಗೆದ್ದಿತು. ಆ ತಂಡಕ್ಕೆ ಕಲಿಸಿದವರು ಶೈಲಜಾ ಜೈನ್, ನಾಸಿಕದವರು. ‘ಆ ಬಾಯಾರು ನಮ್ಮವರೇನು?’ ಅಂತ ಕಾಕಾ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಆಮೇಲೆ ನಕ್ಕ, ನಗು ಕೆಮ್ಮಾಯಿತು, ಕಾಕಿ ಬಂದು ಬೆನ್ನು ನೀವಿದಳು.

ಆ ರಾತ್ರಿ ಹಳೆಯ ಫಲಿತಾಂಶಗಳನ್ನು ಹುಡುಕಿ ನೋಡಿದೆ. 2004ರ ಮುಂಬಯಿ ವಿಶ್ವಕಪ್ ಫೈನಲಿನಲ್ಲಿ ಇರಾನನ್ನು ನಾವು ಸೋಲಿಸಿದ್ದು 55-27ರಿಂದ. 2014ರ ಇಂಚೆನ್ ಫೈನಲಿನಲ್ಲಿ 27-25. ಹತ್ತು ವರ್ಷದಲ್ಲಿ 28 ಅಂಕಗಳ ಅಂತರ ಎರಡಕ್ಕೆ ಇಳಿದಿತ್ತು. ಅವರು ಒಂದೊಂದೇ ಹೆಜ್ಜೆ ಹತ್ತಿರ ಬರುತ್ತಿದ್ದರು. ನಾನು ಚಿನ್ನವನ್ನು ಮಾತ್ರ ಎಣಿಸುತ್ತಿದ್ದೆ. ಇರಾನಿನ ಹಳ್ಳಿಗಳಲ್ಲಿ ಮೊದಲಿನಿಂದಲೂ ‘ಝೂ’ ಅನ್ನುತ್ತ ಉಸಿರು ಹಿಡಿದು ಆಡುವ ಆಟ ಇದೆ ಅನ್ನುವುದೂ ಆಗಲೇ ತಿಳಿಯಿತು. ಕಾಕಾನ ‘ಅವರು ಉಸಿರು ಹಿಡಿದು ಏನಂತಾರ’ ಅನ್ನುವ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿತ್ತು. ಬೆಳಿಗ್ಗೆ ಹೇಳಿದೆ. ‘ಝೂ... ಝೂ...’ ಅಂತ ಒಂದು ಸಲ ಪ್ರಯತ್ನಿಸಿದ. ಮೂರು ಎಣಿಸುವಷ್ಟರಲ್ಲಿ ಉಸಿರು ಮುಗಿಯಿತು.

ಕಾಕಾ 2020ರ ಚಳಿಗಾಲದಲ್ಲಿ ತೀರಿಕೊಂಡ.

2023ರ ಅಕ್ಟೋಬರ್ 7ರಂದು ಹಾಂಗ್‌ಝೌ ಫೈನಲನ್ನು ಒಬ್ಬನೇ ನೋಡಿದೆ. ಮತ್ತೆ ಇರಾನ್. 28-28 ಸಮ, ಆಟ ಮುಗಿಯುವ ಹೊತ್ತು. ಪವನ್ ಸೆಹ್ರಾವತ್ ದಾಳಿಗೆ ಹೋಗಿ ಯಾರನ್ನೂ ಮುಟ್ಟುವ ಮೊದಲೇ ಬದಿಯ ಲಾಬಿಗೆ ಕಾಲಿಟ್ಟರೋ ಇಲ್ಲವೋ, ಹಿಂದೆ ನುಗ್ಗಿದ ಇರಾನಿನವರು ಔಟೋ ಅಲ್ಲವೋ ಅಂತ ಜಗಳ. ಕ್ಯಾಮೆರಾ ನೋಡಿದರು, ನಿಯಮದ ಪುಸ್ತಕ ತೆಗೆದರು, ಒಮ್ಮೆ ಹೀಗೆ ಒಮ್ಮೆ ಹಾಗೆ ತೀರ್ಪು ಕೊಟ್ಟರು. ಎರಡೂ ತಂಡದವರು ಅಂಕಣದಲ್ಲೇ ಕೂತುಬಿಟ್ಟರು. ಸುಮಾರು ಒಂದು ತಾಸು ಆಟ ನಿಂತಿತು. ಕಡೆಗೆ 33-29, ಚಿನ್ನ ನಮಗೆ ಮರಳಿತು. ‘ಗೆದ್ವಿ’ ಅಂತ ಹೇಳಲು ಫೋನ್ ಕೈಗೆತ್ತಿಕೊಂಡು ಹಾಗೇ ಕೂತೆ. ಆ ಒಂದು ತಾಸು ನನಗೆ ಪರದೆಯ ಮೇಲೆ ಕಾಣುತ್ತಿದ್ದದ್ದು ಹಾಂಗ್‌ಝೌ ಅಲ್ಲ, ಅಗಸಿಯ ಹೊರಗಿನ ಬಯಲು.

ಆ ದೀಪಾವಳಿಗೆ ಊರಿಗೆ ಹೋದಾಗ ಪಕ್ಕದ ಹಳ್ಳಿಗೆ ಹೋಗಿ ವಿಚಾರಿಸಿದೆ. ಆ ಸಣಕಲು ಹುಡುಗ ಈಗ ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಕೆಲಸದಲ್ಲಿದ್ದಾನೆ ಅಂದರು. ಹುಡುಕಿಕೊಂಡು ಹೋದೆ. ತಲೆ ನರೆತಿತ್ತು, ಹುಬ್ಬಿನ ಮೇಲೂ ಕಲ್ಲಿನ ಧೂಳು. ಚಹಾ ಕುಡಿಯುತ್ತ ಎಲ್ಲ ಹೇಳಿದೆ. ನನ್ನ ಕಿರುಬೆರಳನ್ನೂ ತೋರಿಸಿದೆ.

ಅವನು ಬಹಳ ಹೊತ್ತು ಯೋಚಿಸಿದ. ‘ಸೋತಿದ್ವಿ ಅನ್ನೂದಷ್ಟ ನೆನಪೈತ್ರಿ. ನೀವು ಇದ್ದದ್ದು ನೆನಪಿಲ್ಲ. ಮುಟ್ಟಿದ್ದೂ ನೆನಪಿಲ್ಲ’ ಅಂದ. ಲೋಟ ಕೆಳಗಿಟ್ಟು ಮತ್ತೆ ಅಂದ: ‘ನಿಮ್ಮ ಕಾಕಾ ನೆನಪದಾರ. ಅವತ್ತ ಸಂಜೀಕ ನಮ್ಮ ಗಾಡಿ ಹಿಂದ ಓಡಿ ಬಂದು, ನನ್ನ ಕೈಯಾಗ ಎರಡು ರೂಪಾಯಿ ಇಟ್ಟು ಹೋದ್ರು. ಒಂದ ಮಾತೂ ಆಡಲಿಲ್ಲ. ಯಾಕ ಕೊಟ್ರು ಅಂತ ಇವತ್ತಿಗೂ ತಿಳಿದಿಲ್ಲ ನೋಡ್ರಿ.’