ಮೇಸ್ತ್ರಿಯ ಸೈಕಲ್ ಪಂಪು

ಬೆಂಗಳೂರಿನ ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿ, ಹಳೇ ಮನೆಯ ಅಂಗಳಕ್ಕೆ ತಗಡು ಹೊದಿಸಿ ಮಾಡಿಕೊಂಡ ಗ್ಯಾರೇಜು. ಬೋರ್ಡು ಗೀರ್ಡು ಏನೂ ಇರಲಿಲ್ಲ. ಜೆ.ಸಿ. ರಸ್ತೆಯ ಸ್ಪೇರ್‌ಪಾರ್ಟ್ಸ್ ಅಂಗಡಿಯಲ್ಲಿ ಕೌಂಟರ್ ನೋಡಿಕೊಳ್ಳುತ್ತಿದ್ದ ನಾನು ಸಾಮಾನು ಕೊಡುವ ನೆಪದಲ್ಲಿ ಹೋಗಿ ಅಲ್ಲೇ ಕೂತುಬಿಡುತ್ತಿದ್ದೆ. ಮೇಸ್ತ್ರಿಯ ಕೈಯಲ್ಲಿ ಸ್ಪ್ಯಾನರ್‌ಗಿಂತ ಹೆಚ್ಚು ಕಾಣುತ್ತಿದ್ದದ್ದು ಗೇಜು ಕಟ್ಟಿದ ಒಂದು ಸೈಕಲ್ ಪಂಪು.

ಮೊದಮೊದಲು ಟರ್ಬೊ ಅಂದರೆ ಲಾರಿಯವರ ಮಾತು. 1998ರಲ್ಲಿ ಟಾಟಾ ಸಫಾರಿ, 2002ರಲ್ಲಿ ಸ್ಕಾರ್ಪಿಯೊ ಬಂದ ಮೇಲೆ ಗಾಂಧಿ ಬಜಾರಿನಲ್ಲಿ ಕಾಫಿ ಕುಡಿಯುವವರ ಬಾಯಲ್ಲೂ ಅದು ಓಡಾಡತೊಡಗಿತು. "ಪಿಕಪ್ ಸ್ವಲ್ಪ ಜಾಸ್ತಿ ಮಾಡ್ಕೊಡಿ" ಎಂದು ಬಂದವರ ಗಾಡಿಗೆ ಮೇಸ್ತ್ರಿ ಮೊದಲು ಡೀಸೆಲ್ ಪಂಪಿನ ಸೆಟ್ಟಿಂಗ್ ನೋಡುತ್ತಿದ್ದ. ಪಂಪು ಆಡುಗೋಡಿಯ ಮೈಕೋದ್ದು. ಆ ಕಂಪನಿ 2008ರಲ್ಲಿ ಬಾಷ್ ಆಯಿತು, ನಮ್ಮ ರಸ್ತೆಯ ಬಾಯಲ್ಲಿ ಮಾತ್ರ ಮೈಕೋ ಆಗಿಯೇ ಉಳಿಯಿತು. ಡೀಸೆಲ್ ಒಂದನ್ನೇ ಹೆಚ್ಚಿಸಿದರೆ ಕರಿಹೊಗೆ. ಗಾಳಿಯೊಂದನ್ನೇ ಹೆಚ್ಚಿಸಿದರೆ ಪ್ರಯೋಜನವಿಲ್ಲ. ಗಾಳಿಯ ಕೆಲಸಕ್ಕೆ ಅವನ ಹತ್ತಿರ ಹಿತ್ತಾಳೆಯ ಒಂದು ತಿರುಪಿತ್ತು.

ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ, ಅಂದರೆ ಬೂಸ್ಟ್, ಮಿತಿಗೆ ಬಂದಾಗ ಆಕ್ಚುಯೇಟರ್ ಎಂಬ ಡಬ್ಬಿಯೊಳಗಿನ ಸ್ಪ್ರಿಂಗು ಸೋತು, ಸಲಾಕೆ ಸರಿದು, ವೇಸ್ಟ್‌ಗೇಟ್ ತೆರೆದು ಟರ್ಬೊ ತಿರುಗಿಸುವ ಹೊಗೆ ಪಕ್ಕದ ದಾರಿ ಹಿಡಿಯುತ್ತದೆ. ಡಬ್ಬಿಗೆ ಹೋಗುವ ಸಣ್ಣ ರಬ್ಬರ್ ಪೈಪಿನಲ್ಲಿ ತಿರುಪು ಕೂರಿಸಿ ಚೂರು ಗಾಳಿ ಸೋರಿಸಿದರೆ ಡಬ್ಬಿ ಮೋಸಹೋಗುತ್ತದೆ. ಗೇಟು ತಡವಾಗಿ ತೆರೆಯುತ್ತದೆ, ಬೂಸ್ಟ್ ಏರುತ್ತದೆ. ಆದರೆ ತಿರುಪಿಗೆ ಕಣ್ಣಿಲ್ಲವಲ್ಲ! ಡಿಸೆಂಬರ್ ಬೆಳಗ್ಗೆ ಗೇಜಿನ ಮುಳ್ಳು ಒಂದು ಕಡೆ, ಏಪ್ರಿಲ್ ಮಧ್ಯಾಹ್ನ ಇನ್ನೊಂದು ಕಡೆ.

ಆಮೇಲೆ ಬಂದವು ಎಲೆಕ್ಟ್ರಾನಿಕ್ ಡಬ್ಬಿಗಳು. ಜಪಾನಿನ ಎಚ್‌ಕೆಎಸ್, ಗ್ರೆಡಿ, ಬ್ಲಿಟ್ಜ್, ಆಸ್ಟ್ರೇಲಿಯಾದ ಟರ್ಬೋಸ್ಮಾರ್ಟ್. ವಿದೇಶದಿಂದ ಬರುವ ಅಣ್ಣನದೋ ಭಾವನದೋ ಸೂಟ್‌ಕೇಸಿನಲ್ಲಿ ಬಸವನಗುಡಿಗೆ ಇಳಿಯುತ್ತಿದ್ದವು. ಇವಕ್ಕೆ ಕಣ್ಣಿದೆ: ಸೆನ್ಸರ್ ಒತ್ತಡ ಅಳೆಯುತ್ತದೆ, ಸೊಲೆನಾಯ್ಡ್ ಸೆಕೆಂಡಿಗೆ ಹತ್ತಾರು ಸಲ ತೆರೆದು ಮುಚ್ಚುತ್ತದೆ. ಗುರಿ ಹತ್ತಿರವಾಗುವ ತನಕ ಗೇಟನ್ನು ಬಿಗಿಯಾಗಿ ಮುಚ್ಚಿಟ್ಟು ಆಮೇಲೆ ಸಡಿಲಿಸುವುದರಿಂದ ಬೂಸ್ಟ್ ಬೇಗನೂ ಬರುತ್ತದೆ. ಹುಡುಗರು ಆರಿಸುತ್ತಿದ್ದದ್ದು ಡಿಸ್‌ಪ್ಲೇ ನೀಲಿಯೋ ಕೆಂಪೋ ಎಂದು ನೋಡಿ.

ಮೇಸ್ತ್ರಿ ಆ ಎಲೆಕ್ಟ್ರಾನಿಕ್ ಡಬ್ಬಿಯನ್ನು ಕೂಡಲೇ ಮುಟ್ಟುತ್ತಿರಲಿಲ್ಲ. ಮೊದಲು ಸೈಕಲ್ ಪಂಪನ್ನು ಆಕ್ಚುಯೇಟರ್‌ಗೆ ಸಿಕ್ಕಿಸಿ ನಿಧಾನವಾಗಿ ಒತ್ತುತ್ತಿದ್ದ. ಸಲಾಕೆ 7 ಪಿಎಸ್‌ಐಗೆ ಅಲುಗಿತೋ, ಅದೇ ತಳ. ಎಷ್ಟು ಸಾವಿರ ಸುರಿದರೂ ಯಾವ ಡಬ್ಬಿಯೂ ಅದಕ್ಕಿಂತ ಕೆಳಗೆ ಇಳಿಸಲಾರದು. ಆಮೇಲೆ ಅವನ ಒಂದೇ ಪ್ರಶ್ನೆ:

"ಎಷ್ಟಕ್ಕೇರ್ತದೆ ಅನ್ನೋದು ಆಮೇಲೆ ಸಾರ್. ವೈರ್ ಕಿತ್ರೆ ಎಷ್ಟಕ್ಕೆ ಬಂದು ನಿಲ್ತದೆ?"

ಸೊಲೆನಾಯ್ಡಿನ ಪೈಪು ಸರಿಯಾಗಿ ಜೋಡಿಸಿದ್ದರೆ, ಕರೆಂಟು ಹೋದ ಕೂಡಲೇ ಬೂಸ್ಟ್ ಸ್ಪ್ರಿಂಗಿನ ತಳಕ್ಕೆ ಬರಬೇಕು. ತಿರುಗಾಮುರುಗಾ ಜೋಡಿಸಿದ್ದರೆ ಲಗಾಮಿಲ್ಲದ ಕುದುರೆ. ಡಬ್ಬಿ ಆರಿಸುವುದರ ಮುಕ್ಕಾಲು ಪಾಲು ಇಷ್ಟೇ ಎಂದು ನನಗೆ ಅರ್ಥವಾಗುವ ಹೊತ್ತಿಗೆ ತಡವಾಗಿತ್ತು. ಒಬ್ಬ ಹುಡುಗನಿಗೆ ಮೇಸ್ತ್ರಿಯ ಕಣ್ಣು ತಪ್ಪಿಸಿ ಸೆಕೆಂಡ್ ಹ್ಯಾಂಡ್ ಡಬ್ಬಿ ಮಾರಿಸಿದವನು ನಾನೇ. ಅವನ ಪೆಟ್ರೋಲ್ ಟರ್ಬೊ ಕಾರಿಗೆ 12 ಪಿಎಸ್‌ಐ ಇಟ್ಟರು. ಇಲ್ಲಿ ಚೆನ್ನಾಗಿಯೇ ಓಡಿತು. ಮೇ ತಿಂಗಳಲ್ಲಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋದ. ಗೇಜಿನಲ್ಲಿ ಅದೇ 12. ಆದರೆ ಗೇಜು ಲೆಕ್ಕ ಶುರುಮಾಡುವುದು ಹೊರಗಿನ ಗಾಳಿಯಿಂದ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಅದು ಸುಮಾರು 13.2 ಪಿಎಸ್‌ಐ, ಕಡಲ ದಂಡೆಯಲ್ಲಿ 14.7. ಮೊದಲೇ ಅಂಚಿನಲ್ಲಿದ್ದ ಸೆಟ್ಟಿಂಗು. ಮೇಲೆ ಒಂದೂವರೆ ಪಿಎಸ್‌ಐ, ಅದರ ಮೇಲೆ ಕರಾವಳಿಯ ಸೆಕೆ. ಎಂಜಿನ್ ಟಕಟಕ ಕುಟ್ಟಿ ಪಿಸ್ಟನ್ ಸೀಳಿತು. ಮೇಸ್ತ್ರಿ ಬಯ್ಯಲಿಲ್ಲ. ಸೀಳಿದ ಪಿಸ್ಟನ್ ತಂದು ನನ್ನ ಕೌಂಟರ್ ಮೇಲಿಟ್ಟು ಹೋದ.

2007ರಲ್ಲಿ ಸ್ವಿಫ್ಟ್ ಡೀಸೆಲ್ ಬಂತು. ಆಮೇಲಿನ ಹಲವು ಕಾಮನ್ ರೈಲ್ ಕಾರುಗಳಲ್ಲಿ ಬೂಸ್ಟನ್ನೂ ಡೀಸೆಲನ್ನೂ ಎಂಜಿನ್ನಿನ ಕಂಪ್ಯೂಟರ್ ಇಸಿಯು ಒಂದೇ ಲೆಕ್ಕದಲ್ಲಿ ನೋಡಿಕೊಳ್ಳತೊಡಗಿದ ಮೇಲೆ ಬೇರೆ ಡಬ್ಬಿ ಕೇಳುವವರು ಕಡಿಮೆಯಾದರು. ಲ್ಯಾಪ್‌ಟಾಪ್ ಹಿಡಿದ ಹುಡುಗರು ಬಂದರು, ಬಾನೆಟ್ ಎತ್ತದೆ ಪಿಕಪ್ ಏರಿಸಿದರು. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2020ರ ಏಪ್ರಿಲ್‌ನಿಂದ ಬಿಎಸ್-6 ಹೊಗೆ ನಿಯಮ. ಕೊನೆಕೊನೆಗೆ ಆ ಲ್ಯಾಪ್‌ಟಾಪ್ ಹುಡುಗರೇ ಮೇಸ್ತ್ರಿಯ ಹತ್ತಿರ ಗಾಡಿ ಕಳಿಸುತ್ತಿದ್ದರು: "ಕೋಡ್ ತೋರಿಸ್ತಿದೆ, ಬೂಸ್ಟ್ ಬರ್ತಿಲ್ಲ." ಹತ್ತರಲ್ಲಿ ಏಳೆಂಟು ಸಲ ಸಿಗುತ್ತಿದ್ದದ್ದು ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ, ಬಿರುಕು ಬಿಟ್ಟ ರಬ್ಬರ್ ಪೈಪು.

ಆ ಅಂಗಳದಲ್ಲಿ ಈಗ ನಾಲ್ಕು ಅಂತಸ್ತಿನ ಪಿ.ಜಿ. ಎದ್ದಿದೆ. ನಿಮ್ಮ ಟರ್ಬೊ ಕಾರು ಎಳೆಯುತ್ತಿಲ್ಲ ಅನ್ನಿಸಿದರೆ ಡಬ್ಬಿಗೋ ಸಾಫ್ಟ್‌ವೇರ್‌ಗೋ ದುಡ್ಡು ಕೊಡುವ ಮುಂಚೆ ಆ ಗಾಳಿ ಪೈಪನ್ನೊಮ್ಮೆ ಬಗ್ಗಿಸಿ ನೋಡಿ. ಎಂಜಿನ್ ತಣ್ಣಗಿದ್ದಾಗ ನೋಡಿ, ಕೈ ಸುಟ್ಟೀತು.