ಹತ್ತು ಗಂಟೆ ಕಿವಿಯ ಮೇಲೆ

ಬೆಳಗಿನ ಜಾವ ಮೂರು ದಾಟಿದೆ. ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್, ಅದರ ಬಿದಿರಿನ ಚಾವಣಿ, ಮೇಲಿಂದ ಇಳಿಬಿದ್ದ ಬಳ್ಳಿಗಳು ಎಲ್ಲವೂ ಹಿಂದೆ ಉಳಿದವು. ದೇವನಹಳ್ಳಿಯ ದೀಪಗಳು ಕೆಳಗೆ ಚಿಕ್ಕದಾಗುತ್ತಿವೆ. ನಿಮ್ಮ ಸೀಟು ರೆಕ್ಕೆಯ ಹಿಂದೆ, ಕಿಟಕಿ ಪಕ್ಕ. ತಲೆಯನ್ನು ಗೋಡೆಗೆ ಆನಿಸಿದರೆ ಎಂಜಿನ್ನಿನ ಮೊರೆತ ಕಿವಿಯನ್ನು ದಾಟಿ ಹಲ್ಲಿನ ಬುಡಕ್ಕೂ ತಟ್ಟುತ್ತದೆ. ಮೇಲೇರಿ ಮಟ್ಟ ಹಿಡಿದ ಮೇಲೆ ಸದ್ದು ಇಳಿಯಿತು ಅನ್ನಿಸುತ್ತದೆ, ಆದರೆ ಇಳಿದದ್ದು ಸ್ವಲ್ಪವೇ. ದಾರಿಯುದ್ದಕ್ಕೂ ಈ ಕ್ಯಾಬಿನ್ನಿನಲ್ಲಿ ಸುಮಾರು 80ರಿಂದ 85 ಡೆಸಿಬೆಲ್ ಸದ್ದು ಇದ್ದೇ ಇರುತ್ತದೆ. ಫ್ರಾಂಕ್‌ಫರ್ಟಿಗೆ ಹತ್ತಿರಹತ್ತಿರ ಹತ್ತು ಗಂಟೆ. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಮತ್ತೆ ಹನ್ನೊಂದು.

ಸದ್ದು ಅಳಿಸುವ ಹೆಡ್‌ಫೋನ್ ಹಾಕಿಕೊಳ್ಳಿ. ಸ್ವಿಚ್ ಈಗಲೇ ಒತ್ತಬೇಡಿ, ಒಂದು ನಿಮಿಷ ಸುಮ್ಮನೆ ಕೇಳಿ. ಕುಶನ್ನುಗಳು ಕಿವಿಯ ಸುತ್ತ ಕೂತೊಡನೆ ಟ್ರಾಲಿಯ ಕಣಕಣ, ಮಡಚುವ ಟ್ರೇಗಳ ಟಪಟಪ, ಮುಂದಿನ ಸಾಲಿನ ಮಗುವಿನ ಅಳು ತುಸು ದೂರ ಸರಿದವು. ಮೊರೆತ ಮಾತ್ರ ಇದ್ದ ಹಾಗೇ ಇದೆ. ಈಗ ಒತ್ತಿ. ಮೊರೆತದ ತಳವೇ ಕುಸಿದುಹೋಯಿತು. ಇಷ್ಟು ಹೊತ್ತು ಬಿಗಿಹಿಡಿದಿದ್ದೀರೆಂದು ಗೊತ್ತೇ ಇರದ ಹೆಗಲು ಸಡಿಲವಾಯಿತು.

ಒಂದೇ ಹೆಡ್‌ಫೋನಿನೊಳಗೆ ಎರಡು ಕೆಲಸ ನಡೆಯುತ್ತಿದೆ: ಸರ್ಕ್ಯೂಟಿನದು ಒಂದು, ಕುಶನ್ನಿನದು ಇನ್ನೊಂದು. ಹೊರಗಿನ ಸದ್ದನ್ನು ಪುಟ್ಟ ಮೈಕುಗಳು ಆಲಿಸುತ್ತವೆ. ಒಳಗಿನ ಸರ್ಕ್ಯೂಟು ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಹುಟ್ಟಿಸುತ್ತದೆ. ಉಬ್ಬಿಗೆ ತಗ್ಗು ಸೇರಿ ಎರಡೂ ಅಳಿಯುತ್ತವೆ. ನಿಧಾನವಾದ, ಒಂದೇ ಸಮನೆ ಬರುವ ಅಲೆಗೆ ಇದು ಚೆನ್ನಾಗಿ ಒದಗುತ್ತದೆ. 100 ಹರ್ಟ್ಸಿನ ಮೊರೆತದ ಒಂದು ಅಲೆ ಮೂರು ಮೀಟರಿಗಿಂತ ಉದ್ದ. 1000 ಹರ್ಟ್ಸಿಗೆ ಬಂದರೆ ಅದು ಒಂದು ಅಡಿಯಷ್ಟೇ, ಅಲ್ಲಿಂದ ಮೇಲಕ್ಕೆ ಸರ್ಕ್ಯೂಟಿನ ಹಿಡಿತ ತಪ್ಪುತ್ತಾ ಹೋಗುತ್ತದೆ. ಮಗುವಿನ ಅಳು, ಚಮಚದ ಸದ್ದು, ಪಕ್ಕದವರ ಮಾತು ಇವನ್ನೆಲ್ಲ ತಡೆಯುವ ಹೊಣೆ ಬಹುಪಾಲು ಕುಶನ್ನಿನದು. ಕುಶನ್ ಸರಿಯಾಗಿ ಕೂರದಿದ್ದರೆ ಎಷ್ಟೇ ದುಬಾರಿ ಸರ್ಕ್ಯೂಟೂ ಅರ್ಧ ಕೆಲಸ ಮಾಡೀತು.

ಈ ಸಾಧನದ ಕಥೆಯೇ ಇಂಥದೊಂದು ಸೀಟಿನಲ್ಲಿ ತಿರುವು ಪಡೆಯಿತು. ಸದ್ದನ್ನು ಸದ್ದಿನಿಂದ ಅಳಿಸುವ ಉಪಾಯಕ್ಕೆ ಜರ್ಮನಿಯ ಪಾಲ್ ಲ್ಯೂಗ್ 1936ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದರು. 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್ನಿಗೆ ಹೊರಟಿದ್ದ ಅಮರ್ ಬೋಸ್ ವಿಮಾನದಲ್ಲಿ ಕೊಟ್ಟ ಹೆಡ್‌ಫೋನ್ ಹಾಕಿಕೊಂಡರು. ಎಂಜಿನ್ ಸದ್ದಿನಲ್ಲಿ ಸಂಗೀತವೇ ಕೇಳಲಿಲ್ಲ. ಎಂಐಟಿಯ ಆ ಪ್ರಾಧ್ಯಾಪಕರು ಇಳಿಯುವುದರೊಳಗೆ ಪರಿಹಾರದ ಲೆಕ್ಕಾಚಾರ ಬರೆಯಲು ತೊಡಗಿದ್ದರು. ಬ್ರಿಟಿಷರ ವಿರುದ್ಧ ಹೋರಾಡಿ ಅಮೆರಿಕ ಸೇರಿದ್ದ ಬಂಗಾಳಿಯೊಬ್ಬರ ಮಗ ಅವರು. 1986ರ ಡಿಸೆಂಬರಿನಲ್ಲಿ ಎಲ್ಲೂ ಇಳಿಯದೆ, ಇಂಧನ ತುಂಬಿಸಿಕೊಳ್ಳದೆ ಒಂಬತ್ತು ದಿನದಲ್ಲಿ ಭೂಮಿ ಸುತ್ತಿದ ವಾಯೇಜರ್ ವಿಮಾನದ ಡಿಕ್ ರೂಟನ್ ಮತ್ತು ಜೀನಾ ಯೇಗರ್ ತಮ್ಮ ಕಿವಿಯ ರಕ್ಷಣೆಗೆ ಅಮರ್ ಬೋಸ್ ಅವರ ಕಂಪನಿಯ ಮಾದರಿ ಸಾಧನವನ್ನೇ ಧರಿಸಿದ್ದರು. 1989ರಲ್ಲಿ ಪೈಲಟ್‌ಗಳಿಗೆ, 2000ದಲ್ಲಿ ನಮ್ಮಂಥ ಪ್ರಯಾಣಿಕರಿಗೆ ಅದು ಮಾರುಕಟ್ಟೆಗೆ ಬಂತು.

ಮೂರನೆಯ ಗಂಟೆ. ದೀಪ ಆರಿಸಿದ್ದಾರೆ. ಪಕ್ಕದ ಸೀಟಿನ ತಾಯಿ ಫ್ರೀಮಾಂಟಿನಲ್ಲಿರುವ ಮಗಳ ಬಾಣಂತನಕ್ಕೆ ಹೊರಟವರು. ಮಗ ಕೊಡಿಸಿದ ಹೆಡ್‌ಫೋನನ್ನು ಹಾಕುತ್ತಾರೆ, ತೆಗೆಯುತ್ತಾರೆ, ಮತ್ತೆ ಹಾಕುತ್ತಾರೆ. ಅವರ ಕೈ ಎಲ್ಲಿಗೆ ಹೋಗುತ್ತಿದೆ ನೋಡಿ: ಕಿವಿಯ ಹಿಂದಕ್ಕೆ. ಓಲೆಯ ತಿರುಪನ್ನು ಕುಶನ್ ಅದುಮಿ ಚುಚ್ಚಿಸುತ್ತಿದೆ. ಕೈ ಮತ್ತೆ ಕಣತಲೆಗೆ ಏರಿತು. ಅಲ್ಲಿ ಕನ್ನಡಕದ ಕಡ್ಡಿ. ಹೆಡ್‌ಫೋನಿನ ಬಿಗಿತವೆಲ್ಲ ಆ ಕಡ್ಡಿಯ ಮೇಲೆ ಕೂತು ಎಲುಬನ್ನು ಒತ್ತುತ್ತಿದೆ. ಸಾಲದ್ದಕ್ಕೆ ಕಡ್ಡಿ ಕುಶನ್ನನ್ನು ಕೂದಲೆಳೆಯಷ್ಟು ಎತ್ತಿಹಿಡಿದ ಸಂದಿನಲ್ಲಿ ಮೊರೆತ ಒಳನುಗ್ಗುತ್ತಿದೆ. ಕೊನೆಗೆ ತೆಗೆದು ಮಡಿಲಲ್ಲಿಟ್ಟು ಕಣ್ಣು ಮುಚ್ಚಿ ಕೂತರು. ಹಣವೂ ಹೋಯಿತು, ನಿದ್ದೆಯೂ ಬರಲಿಲ್ಲ.

ಯಾವ ಹೆಡ್‌ಫೋನ್ ಕೊಳ್ಳಲಿ ಎಂದು ಯಾರು ಕೇಳಿದರೂ ನಾನು ಮೊದಲು ತೂಕ, ಬಿಗಿತ ನೋಡಲು ಹೇಳುವುದು ಇದಕ್ಕೇ. ಬೋಸ್ ಕ್ವಯಟ್‌ಕಂಫರ್ಟ್ 45 ಸುಮಾರು 240 ಗ್ರಾಂ, ಸೋನಿಯ ಡಬ್ಲ್ಯೂಎಚ್-1000ಎಕ್ಸ್‌ಎಂ5 ಸುಮಾರು 250. ಆ್ಯಪಲ್‌ನ ಏರ್‌ಪಾಡ್ಸ್ ಮ್ಯಾಕ್ಸ್ ಸುಮಾರು 385. ಕೈಯಲ್ಲಿ ಹಿಡಿದಾಗ ಈ ವ್ಯತ್ಯಾಸ ದೊಡ್ಡದಲ್ಲ. ಏಳನೆಯ ಗಂಟೆಯಲ್ಲಿ ನೆತ್ತಿ ಅದನ್ನು ಲೆಕ್ಕ ಹಾಕುತ್ತದೆ. ಮನೆಯಲ್ಲಿ ಕೂತು ಕೇಳುವವರಿಗೆ ಮ್ಯಾಕ್ಸ್ ಒಳ್ಳೆಯದೇ ಇರಬಹುದು, ದೂರದ ವಿಮಾನಕ್ಕೆ ನಾನು ಹೇಳುವುದಿಲ್ಲ. ಕುಶನ್ ಕಿವಿಯ ಮೇಲೆ ಕೂರದೆ ಕಿವಿಯ ಸುತ್ತ ಕೂರಬೇಕು, ಕಿವಿಯ ಅಂಚು ಒಳಗೆಲ್ಲೂ ತಗಲಬಾರದು. ಬಿಗಿತ ಜಾಸ್ತಿಯಾದರೆ ಕಣತಲೆ ನೋವು, ಕಮ್ಮಿಯಾದರೆ ಸದ್ದಿನ ಸೋರಿಕೆ. ಈ ನಡುವಣ ಅಳತೆ ಒಬ್ಬೊಬ್ಬರ ತಲೆಗೆ ಒಂದೊಂದು. ಚಪ್ಪಲಿಯನ್ನು ಕಾಲಿಗೆ ಹಾಕಿ ನಾಲ್ಕು ಹೆಜ್ಜೆ ನಡೆದು ಕೊಳ್ಳುವ ನಾವು ಇದನ್ನು ಮಾತ್ರ ಚಿತ್ರ ನೋಡಿ ತರಿಸಿಕೊಳ್ಳುತ್ತೇವೆ.

ನಿದ್ದೆ ಮಾಡಲು ಗೋಡೆಗೆ ಒರಗಿದಿರಿ. ಒರಗಿದ ಕಡೆಯ ಕುಶನ್ ಕೆನ್ನೆಗೆ ಒತ್ತಿತು, ಕತ್ತಿನ ದಿಂಬು ಕೆಳಗಿನಿಂದ ಅದನ್ನು ಎತ್ತಿತು, ಮೊರೆತ ಮತ್ತೆ ಒಳಬಂತು. ಪಕ್ಕಕ್ಕೆ ವಾಲದೆ ನಿದ್ದೆ ಬಾರದವರಿಗೆ ಕಿವಿಯೊಳಗೆ ಕೂರುವ ಇಯರ್‌ಬಡ್ಸೇ ವಾಸಿ. ಆದರೆ ಅವುಗಳ ಬ್ಯಾಟರಿ ಇಡೀ ರಾತ್ರಿ ಬರುವುದು ಕಷ್ಟ. ತಲೆಗೆ ಹಾಕುವಂಥವು ಇಪ್ಪತ್ತು ಮೂವತ್ತು ಗಂಟೆ ಬರುತ್ತವೆ. ಕೆಲವರಿಗೆ ಸದ್ದು ಅಳಿದಾಗ ಕಿವಿಯೊಳಗೆ ಏನೋ ಒತ್ತಿದ ಅನುಭವವಾಗುತ್ತದೆ. ಅಂಥವರು ಸದ್ದು ಅಳಿಸುವ ಪ್ರಮಾಣವನ್ನು ಕಮ್ಮಿ ಮಾಡಲು ಬರುವ ಮಾದರಿಯನ್ನೇ ಆರಿಸಬೇಕು.

ಎದುರಿನ ಪರದೆಯಲ್ಲಿ ಸಿನಿಮಾ ಹಾಕಿದಿರಿ. ಬ್ಲೂಟೂತ್ ಹಿಡಿಯುವ ಪರದೆಗಳು ಇನ್ನೂ ಕಮ್ಮಿ, ವೈರ್ ಬೇಕು. ಡಬ್ಬದಲ್ಲಿ ಬಂದ ವೈರನ್ನೇ ಒಯ್ಯಿರಿ: ಕ್ವಯಟ್‌ಕಂಫರ್ಟ್ 45ರಲ್ಲಿ ಹೆಡ್‌ಫೋನಿನ ಕಡೆಯ ತುದಿ 2.5 ಮಿಲಿಮೀಟರಿನದು, ಮನೆಯ ಬೇರೆ ವೈರು ಅದಕ್ಕೆ ಹೊಂದದು. ಹಳೆಯ ವಿಮಾನಗಳಲ್ಲಿ ಎರಡು ಕಡ್ಡಿಯ ತೂತು ಇರುತ್ತದೆ, ಅದಕ್ಕೊಂದು ಚಿಕ್ಕ ಅಡಾಪ್ಟರ್ ಚೀಲದಲ್ಲಿರಲಿ. ಗದ್ದಲ ತಗ್ಗಿದ್ದರಿಂದ ವಾಲ್ಯೂಮು ಅರ್ಧಕ್ಕಿಂತ ಕೆಳಗಿಟ್ಟರೂ ಮಾತು ಸ್ಪಷ್ಟವಾಗಿ ಕೇಳುತ್ತಿದೆ. ಸದ್ದಿನೊಂದಿಗೆ ಪೈಪೋಟಿಗೆ ಬಿದ್ದು ವಾಲ್ಯೂಮು ಏರಿಸುವವರ ಕಿವಿಗೆ ಆಗುವ ಹಾನಿಯನ್ನು ನೆನೆದರೆ, ಈ ಸಾಧನವನ್ನು ಶೋಕಿ ಎನ್ನಲು ನನಗೆ ಮನಸ್ಸಾಗದು.

ಕಿಟಕಿಯ ಹೊರಗೆ ಬೆಳಕು ಹರಿದಿದೆ, ವಿಮಾನ ಇಳಿಯತೊಡಗಿದೆ. ಹೆಡ್‌ಫೋನ್ ತೆಗೆಯಿರಿ. ಗಾಳಿಯ ಒತ್ತಡದಿಂದ ಕಟ್ಟುವ ಕಿವಿಗೆ ಅದು ಏನೂ ಮಾಡದು, ಎಂಜಲು ನುಂಗುವುದೇ ಮದ್ದು. ಸಿಬ್ಬಂದಿಯ ಪ್ರಕಟಣೆಯೂ ಕೇಳಬೇಕು.

ಅಪ್ಪ ಅಮ್ಮನಿಗೆಂದು ಕೊಳ್ಳುವವರಲ್ಲಿ ನನ್ನದೊಂದು ವಿನಂತಿ. ತರಿಸಿ ನೇರ ಸೂಟ್‌ಕೇಸಿಗೆ ಹಾಕಬೇಡಿ. ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ದಿನಾ ಹಾಕುವ ಕನ್ನಡಕ, ಓಲೆ, ತುರುಬು ಇದ್ದ ಹಾಗೇ ಇರಲಿ. ಹಾಕಿಸಿ ಅರ್ಧ ಗಂಟೆ ಕೂರಿಸಿ, ಕೈ ತಲೆಗೆ ಹೋಗುತ್ತದೆಯೇ ಗಮನಿಸಿ. ಹೋದರೆ ಬೇರೆಯದು ತೋರಿಸಲು ಹೇಳಿ. ಕೊಂಡ ಮೇಲೆ ಆನ್ ಮಾಡುವುದು, ಆಫ್ ಮಾಡುವುದು, ವೈರ್ ಸಿಕ್ಕಿಸುವುದು ಮೂರನ್ನೂ ಮನೆಯಲ್ಲೇ ಅವರ ಕೈಯಿಂದ ಮಾಡಿಸಿ ಕಳಿಸಿ.